ಗದ್ದಲವಿಲ್ಲದ ಥಾಯ್ ಕಡಲತೀರಕ್ಕೆ ನಾಲ್ಕು ರಾತ್ರಿ: ಪ್ರಚುವಪ್ ಖಿರಿ ಖಾನ್‌ಗೆ ಹೋಗಿ ಬರುವ ಪೂರ್ತಿ ಕ್ರಮ

ಪುಕೆಟ್ ಬೇಡ, ಪಟ್ಟಾಯ ಬೇಡ, ಸುಮ್ನೆ ಕೂರೋಕೆ ಒಂದು ಕಡಲತೀರ ಸಾಕು ಅಂತ ಹೊರಟ ಎಷ್ಟೋ ಜನ ಬೇಜಾರು ಮಾಡಿಕೊಂಡು ವಾಪಸ್ ಬಂದಿದ್ದಾರೆ. ಅವರ ಕತೆ ಕೇಳಿದರೆ ಜಾಗ ಆರಿಸಿದ್ದರಲ್ಲಿ ತಪ್ಪಿರುವುದಿಲ್ಲ. ಕೆಲಸದ ಕ್ರಮ ತಪ್ಪಿರುತ್ತದೆ. ಮೊದಲು ವಿಮಾನದ ಆಫರ್ ನೋಡಿ ಟಿಕೆಟ್ ತೆಗೆದುಬಿಡುತ್ತಾರೆ. ಆಮೇಲೆ ನೋಡಿದರೆ ಆ ವಾರ ಕಡಲು ಒರಟಾಗಿರುತ್ತದೆ, ಇಲ್ಲ ರೈಲಿನಲ್ಲಿ ಸೀಟಿಲ್ಲ, ಇಲ್ಲ ಬ್ಯಾಂಕಾಕಿನ ಅರ್ಧ ಊರು ರಜೆಗೆ ಅಲ್ಲೇ ಬಂದಿರುತ್ತದೆ.

ಹಾಗಾಗಿ ಇಲ್ಲಿ ಕ್ರಮವನ್ನೇ ತಿರುಗಿಸಿದ್ದೇನೆ. ಮೊದಲು ಕಡಲು, ಆಮೇಲೆ ವಾರದ ದಿನ, ಆಮೇಲೆ ರೂಮು ಮತ್ತು ರೈಲು. ವಿಮಾನ ಎಲ್ಲಕ್ಕಿಂತ ಕೊನೆಗೆ.

ಜಾಗ ಪ್ರಚುವಪ್ ಖಿರಿ ಖಾನ್. ಬ್ಯಾಂಕಾಕಿನಿಂದ ಸುಮಾರು 280 ಕಿ.ಮೀ. ದಕ್ಷಿಣಕ್ಕೆ, ಥಾಯ್ಲೆಂಡ್ ಕೊಲ್ಲಿಯ ದಂಡೆಯಲ್ಲಿರುವ ಸಣ್ಣ ಊರು. ಹೆಸರು ಕೇಳಿದ ಹುವಾ ಹಿನ್ ದಾಟಿ ಇನ್ನೂ 90 ಕಿ.ಮೀ. ಮುಂದೆ. ರೈಲು ಊರಿನ ನಡುವೆಯೇ ನಿಲ್ಲುತ್ತದೆ, ಅಲ್ಲಿಂದ ಕಡಲಿಗೆ ಹತ್ತು ನಿಮಿಷದ ನಡಿಗೆ. ಕಡಿಮೆ ದಿನದ ಪ್ರವಾಸಕ್ಕೆ ನಾನು ಇದನ್ನೇ ಹೇಳುವುದು ಅದಕ್ಕೇ. ದ್ವೀಪಕ್ಕೆ ಹೋದರೆ ದೋಣಿ ಕಾಯುವುದರಲ್ಲೇ ಹೋಗುವಾಗ ಅರ್ಧ ದಿನ, ಬರುವಾಗ ಅರ್ಧ ದಿನ ಕಳೆದುಹೋಗುತ್ತದೆ.

## ಹಂತ 1: ಕಡಲು ಯಾವಾಗ ಶಾಂತವಾಗಿರುತ್ತದೆ, ಅದನ್ನು ಮೊದಲು ನೋಡಿ

ಥಾಯ್ಲೆಂಡಿಗೆ ಎರಡು ಕಡಲು. ಪಶ್ಚಿಮಕ್ಕೆ ಅಂಡಮಾನ್ ಸಮುದ್ರ, ಪೂರ್ವಕ್ಕೆ ಕೊಲ್ಲಿ. ಎರಡರ ಮಳೆಗಾಲ ಬೇರೆ ಬೇರೆ. ಪುಕೆಟ್, ಕ್ರಾಬಿ ಕಡೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ. ಪ್ರಚುವಪ್ ಕಡೆ ಜೋರು ಮಳೆ ಬರುವುದು ಅಕ್ಟೋಬರ್, ನವೆಂಬರಿನಲ್ಲಿ. "ಥಾಯ್ಲೆಂಡಿಗೆ ನವೆಂಬರ್ ಒಳ್ಳೆಯದು" ಅಂತ ಎಲ್ಲೋ ಓದಿ ಇಲ್ಲಿಗೆ ಬಂದವರು ರೂಮಿನಲ್ಲೇ ಕೂತು ವಾಪಸ್ ಹೋಗುತ್ತಾರೆ.

ನಮ್ಮ ಸಹ್ಯಾದ್ರಿ ದಾಟಿ ಪೂರ್ವಕ್ಕೆ ಬಂದರೆ ಮಳೆ ಕಡಿಮೆ ಅಲ್ವಾ, ಇಲ್ಲೂ ಹಾಗೇ. ಬರ್ಮಾ ಗಡಿಯ ತೆನಸ್ಸೆರಿಮ್ ಬೆಟ್ಟಸಾಲು ನೈಋತ್ಯದ ಮಳೆಯನ್ನು ತಡೆಯುತ್ತದೆ. ಅದಕ್ಕೇ ಜೂನ್‌ನಿಂದ ಆಗಸ್ಟ್‌ವರೆಗೆ ಬಂದರೂ ಪರವಾಗಿಲ್ಲ, ಸಂಜೆ ಒಂದೊಂದು ಮಳೆ ಬಂದು ಹೋಗುತ್ತದೆ ಅಷ್ಟೇ. ಡಿಸೆಂಬರ್, ಜನವರಿಯಲ್ಲಿ ಆಕಾಶ ತಿಳಿಯಾಗಿದ್ದರೂ ಈಶಾನ್ಯದ ಗಾಳಿಗೆ ಅಲೆ ಎದ್ದಿರುತ್ತದೆ. ಚಳಿಯಿಲ್ಲದ ಬೀದಿ, ಊಟ, ನಡಿಗೆ ಸಾಕು ಅನ್ನುವವರಿಗೆ ಆ ಕಾಲ ಚೆನ್ನಾಗಿದೆ. ಈಜಲೇಬೇಕು ಅನ್ನುವವರು ಫೆಬ್ರವರಿ, ಮಾರ್ಚ್ ಹಿಡಿಯಿರಿ. ಏಪ್ರಿಲ್ ಬಂದರೆ ಬಿಸಿಲು ತಡೆಯುವುದು ಕಷ್ಟ.

## ಹಂತ 2: ಶುಕ್ರವಾರ, ಶನಿವಾರದ ರಾತ್ರಿಗಳನ್ನು ಊರಿಗೆ ಕೊಡಬೇಡಿ

ಇದು ನಮಗೆ ಹೊರಗಿನಿಂದ ಕಾಣದ ವಿಷಯ. ಪ್ರಚುವಪ್‌ಗೆ ವಿದೇಶದವರು ಕಡಿಮೆ, ಆದರೆ ಬ್ಯಾಂಕಾಕಿನವರು ಶುಕ್ರವಾರ ಸಂಜೆ ಕಾರು ಹತ್ತಿ ಇಲ್ಲಿಗೇ ಬರುತ್ತಾರೆ. ಭಾನುವಾರ ಮಧ್ಯಾಹ್ನ ಖಾಲಿಯಾಗುತ್ತದೆ. ನೀವು ಅದಕ್ಕೆ ಎದುರಾಗಿ ನಡೆಯಿರಿ. ಅವರು ಹೊರಡುವಾಗ ನೀವು ತಲುಪಿ.

ನಾನು ಹೇಳುವ ಲೆಕ್ಕ ಇದು. ಶನಿವಾರ ರಾತ್ರಿ ಬೆಂಗಳೂರು ಬಿಡಿ, ಭಾನುವಾರ ಬೆಳಿಗ್ಗೆ ಬ್ಯಾಂಕಾಕ್, ಅದೇ ರಾತ್ರಿ ಪ್ರಚುವಪ್. ಭಾನುವಾರ, ಸೋಮವಾರ, ಮಂಗಳವಾರ ಮೂರು ರಾತ್ರಿ ಅಲ್ಲಿ. ಬುಧವಾರ ವಾಪಸ್ ಬ್ಯಾಂಕಾಕಿಗೆ, ರಾತ್ರಿ ಅಲ್ಲೇ ಮಲಗಿ ಗುರುವಾರ ವಿಮಾನ. ಆಫೀಸಿಗೆ ನಾಲ್ಕು ದಿನ ರಜೆ ಸಾಕು. ಶುಕ್ರವಾರ, ಶನಿವಾರ ಸಂಜೆ ಕಡಲದಂಡೆಯ ರಸ್ತೆಯಲ್ಲಿ ನಡೆಯುವ ಸಂತೆ ತಪ್ಪುತ್ತದೆ, ನಿಜ. ಅದರ ಬದಲು ಇಡೀ ತೀರ ನಿಮ್ಮದಾಗುತ್ತದೆ.

ಎಚ್ಚರಿಕೆ: ಏಪ್ರಿಲ್ 13ರಿಂದ 15ರವರೆಗೆ ಸೊಂಗ್‌ಕ್ರಾನ್, ಅಂದರೆ ಥಾಯ್ ಹೊಸ ವರ್ಷ. ಆ ವಾರ ರೈಲು, ರೂಮು ಎರಡೂ ಸಿಗುವುದಿಲ್ಲ. ಥಾಯ್ ಸರ್ಕಾರಿ ರಜೆಯ ಪಟ್ಟಿ ನೋಡದೆ ದಿನ ಗೊತ್ತು ಮಾಡಬೇಡಿ. ಸೋಮವಾರ ರಜೆ ಬಂದರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

## ಹಂತ 3: ಊರಾ, ಬಾನ್ ಕ್ರುತ್ತಾ? ಒಂದನ್ನೇ ಆರಿಸಿ

ಪ್ರಚುವಪ್ ಊರಿನಿಂದ ದಕ್ಷಿಣಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಬಾನ್ ಕ್ರುತ್. ಉದ್ದಕ್ಕೆ ನೇರ ತೀರ, ಹಿಂದೆ ತೆಂಗಿನ ತೋಟ, ಬೇರೇನೂ ಇಲ್ಲ. ಮೂರು ರಾತ್ರಿಗೆ ಎರಡನ್ನೂ ಸೇರಿಸಲು ಹೋಗಬೇಡಿ, ಒಂದು ಇಡೀ ದಿನ ಚೀಲ ಹೊರುವುದರಲ್ಲೇ ಮುಗಿಯುತ್ತದೆ.

ಮೊದಲ ಸಲ ಹೋಗುವವರು, ಸಸ್ಯಾಹಾರಿಗಳು, ಮಕ್ಕಳಿರುವವರು ಊರಲ್ಲೇ ಇರಿ. ಮಾರುಕಟ್ಟೆ, ಔಷಧಿ ಅಂಗಡಿ, ಪ್ರಾಂತ್ಯದ ಆಸ್ಪತ್ರೆ ಎಲ್ಲ ಹತ್ತಿರ. ಬಾನ್ ಕ್ರುತ್ ಎರಡನೇ ಸಲಕ್ಕೆ ಇಟ್ಟುಕೊಳ್ಳಿ. ಅಲ್ಲಿ ಸ್ಟೇಷನ್ನಿನಿಂದ ತೀರ ನಾಲ್ಕು ಕಿ.ಮೀ. ದೂರ, ಎಲ್ಲ ರೈಲೂ ನಿಲ್ಲುವುದಿಲ್ಲ, ವಾರದ ನಡುವೆ ಎಷ್ಟೋ ಹೋಟೆಲು ಬಾಗಿಲು ಹಾಕಿರುತ್ತವೆ. ನಾನು ಒಮ್ಮೆ ಮಂಗಳವಾರ ಕತ್ತಲಾದ ಮೇಲೆ ಅಲ್ಲಿ ಇಳಿದೆ. ರೆಸಾರ್ಟಿಗೆ ಮೊದಲೇ ಫೋನ್ ಮಾಡಿರಲಿಲ್ಲ. ಗಾಡಿ ಇಲ್ಲ, ಅಡುಗೆಮನೆ ಮುಚ್ಚಿತ್ತು, ಚೀಲದಲ್ಲಿದ್ದ ಚಕ್ಕುಲಿ ತಿಂದು ಮಲಗಿದೆ. ಬಾನ್ ಕ್ರುತ್‌ಗೆ ಹೋಗುವುದಾದರೆ ಬೆಳಕಿರುವಾಗಲೇ ಇಳಿಯುವ ರೈಲು ಹಿಡಿಯಿರಿ. ಸ್ಟೇಷನ್ನಿಗೆ ಕರೆಯಲು ಬರುತ್ತೀರಾ ಅಂತ ರೂಮಿನವರನ್ನು ಕೇಳಿ, ಹೌದು ಅಂದ ಮೇಲೆ ಹೊರಡಿ.

ರೂಮು ಹುಡುಕುವಾಗ ಎಲ್ಲರೂ ಎಡವುವ ಜಾಗ ಒಂದಿದೆ. ಊರಿನ ಮುಂದಿನ ಕೊಲ್ಲಿ, ಅಂದರೆ ಆಓ ಪ್ರಚುವಪ್, ನೋಡಲು ಸೊಗಸು. ಈಜಲು ಅಲ್ಲ. ನೀರು ಇಳಿದಾಗ ಕೆಸರು ಕಾಣುತ್ತದೆ, ಮೀನು ದೋಣಿಗಳು ನಿಂತಿರುತ್ತವೆ. ಈಜುವುದು ಊರಿನ ದಕ್ಷಿಣಕ್ಕೆ ಐದು ಕಿ.ಮೀ. ಆಚೆಯ ಆಓ ಮನಾಓದಲ್ಲಿ. "ಕಡಲ ಮುಂದಿನ ರೂಮು" ಅಂತ ಫೋಟೋ ನೋಡಿ ಹಣ ಕಟ್ಟಿದವರು ಬೆಳಿಗ್ಗೆ ಟವೆಲ್ ಹಿಡಿದು ಕೆಳಗಿಳಿದು ನಿಂತುಬಿಡುತ್ತಾರೆ. ಊರಲ್ಲಿ ರೂಮು, ಈಜಲು ಆಓ ಮನಾಓ, ಹೀಗೆ ಯೋಚಿಸಿ. ದುಡ್ಡು ವಾಪಸ್ ಸಿಗುವಂಥ ಬುಕಿಂಗ್ ಮಾತ್ರ ಮಾಡಿ.

## ಹಂತ 4: ರೈಲು ನೋಡಿ, ಆಮೇಲೆ ವಿಮಾನ

ಥಾಯ್ ರೈಲ್ವೆಯ ಸ್ವಂತ ಬುಕಿಂಗ್ ತಾಣದ ಹೆಸರು ಡಿ-ಟಿಕೆಟ್. ಮೊಬೈಲ್ ಆ್ಯಪ್ ಕೂಡ ಇದೆ. ನಿಮ್ಮ ದಿನಕ್ಕೆ ಹೋಗುವ, ಬರುವ ಎರಡೂ ರೈಲಿನಲ್ಲಿ ಸೀಟು ಇದೆಯೇ ನೋಡಿಕೊಳ್ಳಿ. ಇದ್ದರೆ ವಿಮಾನದ ಟಿಕೆಟ್ ತೆಗೆಯಿರಿ, ಅದೇ ಹೊತ್ತಿಗೆ ಕೂತಲ್ಲೇ ರೈಲಿನದ್ದೂ ಮುಗಿಸಿ. ಎರಡರ ನಡುವೆ ಒಂದು ವಾರ ಬಿಡಬೇಡಿ. ಟಿಕೆಟ್ಟಿನಲ್ಲಿ 2569 ಅಂತ ಇಸವಿ ಕಂಡರೆ ಗಾಬರಿ ಬೇಡ, ಅದು ಅವರ ಬೌದ್ಧ ವರ್ಷ. 543 ಕಳೆದರೆ ನಮ್ಮ 2026.

ಹೊರಡುವ ಸ್ಟೇಷನ್ ಬಗ್ಗೆ ಹುಷಾರು. 2023ರ ಜನವರಿಯಿಂದ ದೂರದ ಎಕ್ಸ್‌ಪ್ರೆಸ್ ರೈಲುಗಳು ಹಳೆಯ ಹುವಾ ಲಂಪೋಂಗ್‌ನಿಂದ ಹೊರಡುವುದಿಲ್ಲ. ಬಾಂಗ್ ಸೂನಲ್ಲಿರುವ ಹೊಸ ಕ್ರುಂಗ್ ಥೇಪ್ ಅಫಿವತ್ ನಿಲ್ದಾಣದಿಂದ ಹೊರಡುತ್ತವೆ. ಹಳೆಯ ಪ್ರವಾಸ ಲೇಖನ ಓದಿಕೊಂಡು ಹುವಾ ಲಂಪೋಂಗ್‌ಗೆ ಹೋಗಿ ರೈಲು ತಪ್ಪಿಸಿಕೊಂಡವರು ಇದ್ದಾರೆ. ಕೆಲವು ಸಾದಾ ಪ್ಯಾಸೆಂಜರ್ ರೈಲು ಮಾತ್ರ ಈಗಲೂ ಹುವಾ ಲಂಪೋಂಗ್, ಥೊನ್‌ಬುರಿಯಿಂದ ಓಡುತ್ತವೆ. ಟಿಕೆಟ್ಟಿನಲ್ಲಿ ಯಾವ ಸ್ಟೇಷನ್ ಬರೆದಿದೆ, ಅದನ್ನೇ ನಂಬಿ.

ವಿಮಾನ ಇಳಿಯುವ ಜಾಗವೂ ಮುಖ್ಯ. ಡಾನ್ ಮುಯಾಂಗ್‌ನಲ್ಲಿ ಇಳಿದರೆ ಸುಲಭ: ಎದುರಿಗೇ ರೆಡ್ ಲೈನ್ ರೈಲು, ಇಪ್ಪತ್ತು ನಿಮಿಷದೊಳಗೆ ನೇರ ಅಫಿವತ್. ಸುವರ್ಣಭೂಮಿಯಲ್ಲಿ ಇಳಿದರೆ ಏರ್‌ಪೋರ್ಟ್ ರೈಲಿನಲ್ಲಿ ಮಕ್ಕಸನ್, ಅಲ್ಲಿಂದ ನಡೆದು ಫೆಟ್ಚಬುರಿ ಮೆಟ್ರೋ, ನೀಲಿ ಲೈನಿನಲ್ಲಿ ಬಾಂಗ್ ಸೂ. ಇದಕ್ಕೆ ಒಂದೂವರೆ ಗಂಟೆ ಇಟ್ಟುಕೊಳ್ಳಿ.

## ಹಂತ 5: ಕಾಗದಪತ್ರ

2024ರ ಜುಲೈನಲ್ಲಿ ಭಾರತದ ಪಾಸ್‌ಪೋರ್ಟ್ ಇರುವವರಿಗೆ ವೀಸಾ ಇಲ್ಲದೆ 60 ದಿನದವರೆಗೆ ಬರಲು ಬಿಟ್ಟರು. ಇಂಥ ನಿಯಮ ಬದಲಾಗುತ್ತಲೇ ಇರುತ್ತದೆ. ಟಿಕೆಟ್ ತೆಗೆಯುವ ದಿನ ಥಾಯ್ ರಾಯಭಾರ ಕಚೇರಿಯ ತಾಣದಲ್ಲಿ ಇನ್ನೊಮ್ಮೆ ನೋಡಿ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಲಿ.

2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ. ತಲುಪುವುದಕ್ಕೆ ಮುಂಚಿನ ಮೂರು ದಿನದೊಳಗೆ, ಮಕ್ಕಳೂ ಸೇರಿ ಪ್ರತಿಯೊಬ್ಬರಿಗೂ ಒಂದೊಂದು ತುಂಬಬೇಕು. ಇದು ಉಚಿತ. ದುಡ್ಡು ಕೇಳಿದರೆ ಅದು ನಕಲಿ ತಾಣ, ತಕ್ಷಣ ಮುಚ್ಚಿ. ವಲಸೆ ಇಲಾಖೆಯ ಸರ್ಕಾರಿ ವಿಳಾಸ ಗೋ ಡಾಟ್ ಟಿಎಚ್ ಅಂತ ಮುಗಿಯುತ್ತದೆ.

ವಾಪಸ್ ಟಿಕೆಟ್, ರೂಮಿನ ರಸೀದಿ ಪ್ರಿಂಟ್ ಮಾಡಿಸಿ ಕೈಯಲ್ಲಿಡಿ. ಇ-ಸಿಗರೇಟ್ ಒಯ್ಯಬೇಡಿ, ಅಲ್ಲಿ ಅದು ಕಾನೂನುಬಾಹಿರ. ಅಲ್ಲಿ ಸ್ಕೂಟರ್ ಓಡಿಸುವ ಆಸೆ ಇದ್ದರೆ ಹೊರಡುವ ಮುಂಚೆಯೇ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿ. ಫಾರಂ 4ಎ, ಒಂದು ವರ್ಷದ ಅವಧಿ. ದ್ವಿಚಕ್ರದ ವರ್ಗ ಅದರಲ್ಲಿ ಇರಬೇಕು, ಬರೀ ಕಾರಿನದ್ದು ಸಾಲದು. ಅದಿಲ್ಲದೆ ಬಿದ್ದರೆ ಪ್ರವಾಸ ವಿಮೆಯವರು ದುಡ್ಡು ಕೊಡುವುದಿಲ್ಲ.

## ಹಂತ 6: ದುಡ್ಡು ಮತ್ತು ಚೀಲ

ಯುಪಿಐ ನಂಬಿಕೊಂಡು ಹೋಗಬೇಡಿ. ಬೀದಿ ಅಂಗಡಿಗೆ ನಗದೇ ಬೇಕು, ಅದೂ 20, 50, 100 ಬಾಟ್‌ನ ನೋಟು. ಬೆಳಿಗ್ಗೆ ಹೊತ್ತು ಸಾವಿರದ ನೋಟು ಕೊಟ್ಟರೆ ಪಾಪ ಅವರ ಹತ್ತಿರ ಚಿಲ್ಲರೆ ಇರುವುದಿಲ್ಲ. ಎಟಿಎಂ ಪ್ರತಿ ಸಲಕ್ಕೂ ವಿದೇಶಿ ಕಾರ್ಡಿಗೆ 220 ಬಾಟ್ ಅಥವಾ ಇನ್ನೂ ಜಾಸ್ತಿ ಹಿಡಿಯುತ್ತದೆ, ಅದಕ್ಕೇ ಒಂದೇ ಸಲ ತೆಗೆಯಿರಿ. ರೂಪಾಯಿಗೆ ಬದಲಿಸಿ ಲೆಕ್ಕ ಹಾಕಲೇ ಅಂತ ಪರದೆಯ ಮೇಲೆ ಕೇಳಿದರೆ ಬೇಡ ಅನ್ನಿ. ಹೂಂ ಅಂದರೆ ದರದಲ್ಲಿ ಕಳೆದುಕೊಳ್ಳುತ್ತೀರಿ.

ಚೀಲ ಚಿಕ್ಕದಿರಲಿ. ಒಂದು ಶಾಲು ಬೇಕೇ ಬೇಕು, ಎಸಿ ಬೋಗಿ ಫ್ರಿಜ್ ಇದ್ದಂಗಿರುತ್ತದೆ. ಚಟ್ನಿಪುಡಿ, ಅವಲಕ್ಕಿ, ಖಾಖ್ರಾ ಇರಲಿ. ಹಸಿ ಹಣ್ಣು, ಗಿಡ, ಮಾಂಸ ಬೇಡ. ಈಜಲು ಟೀ ಶರ್ಟ್, ಚಡ್ಡಿ ಸಾಕು. ಥಾಯ್ ಹೆಂಗಸರು, ಗಂಡಸರು ಹಾಗೇ ನೀರಿಗಿಳಿಯುತ್ತಾರೆ. ಇದು ನಮ್ಮ ಮನೆಯವರಿಗೆ ದೊಡ್ಡ ಸಮಾಧಾನ.

## ಹಂತ 7: ಹೋಗುವ ದಿನ

ರಾತ್ರಿ ವಿಮಾನ ಬೆಳಗಿನ ಜಾವ ಇಳಿಯುತ್ತದೆ. ಬೆಳಿಗ್ಗೆ ಏಳೂವರೆ ಹೊತ್ತಿಗೆ ದಕ್ಷಿಣಕ್ಕೆ ಒಂದು ಒಳ್ಳೆಯ ರೈಲಿದೆ. ಅದನ್ನು ನೋಡಿ ಆಸೆಪಟ್ಟು ಟಿಕೆಟ್ ತೆಗೆದು ಕಳೆದುಕೊಂಡವರೇ ಜಾಸ್ತಿ. ಇಮಿಗ್ರೇಷನ್ ಸಾಲೇ ಕೆಲವೊಮ್ಮೆ ಒಂದೂವರೆ ಗಂಟೆ. ಥಾಯ್ಲೆಂಡ್ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ ಅನ್ನುವುದನ್ನೂ ಮರೆತಿರುತ್ತಾರೆ.

ಮಧ್ಯಾಹ್ನ ಮೂರರ ನಂತರದ ರೈಲು ತೆಗೆಯಿರಿ. ನಾಲ್ಕೈದು ಗಂಟೆಯ ದಾರಿ, ತಲುಪುವಾಗ ಕತ್ತಲಾಗಿರುತ್ತದೆ. ಪ್ರಚುವಪ್ ಊರಿಗೆ ಅದರಿಂದ ತೊಂದರೆಯಿಲ್ಲ, ರೂಮು ನಡೆಯುವ ದೂರದಲ್ಲೇ ಇರುತ್ತದೆ. ಅಷ್ಟರವರೆಗೆ ಬಾಂಗ್ ಸೂ ಹತ್ತಿರ ಹಗಲಿನ ಮಟ್ಟಿಗೆ ಒಂದು ರೂಮು ಹಿಡಿದು ನಿದ್ದೆ ಮಾಡಿ. ವಯಸ್ಸಾದವರು ಜೊತೆಗಿದ್ದರೆ ಆ ರಾತ್ರಿ ಬ್ಯಾಂಕಾಕಿನಲ್ಲೇ ಉಳಿದು ಮಾರನೇ ದಿನದ ಬೆಳಗಿನ ರೈಲು ಹಿಡಿಯುವುದೇ ಸರಿ, ಒಂದು ರಾತ್ರಿ ಕಡಲು ಕಡಿಮೆಯಾದರೂ ಚಿಂತೆಯಿಲ್ಲ. ಸಾಯ್ ತಾಯ್ ಮಾಯ್ ಬಸ್ ನಿಲ್ದಾಣದಿಂದ ಮಿನಿವ್ಯಾನ್‌ಗಳೂ ಇವೆ. ಬೆನ್ನಿಗೆ ಒಂದೇ ಚೀಲ ಇರುವವರಿಗೆ ಮಾತ್ರ ಅದು ಸರಿ, ಸೂಟ್‌ಕೇಸ್ ಇಡಲು ಜಾಗ ಇರುವುದಿಲ್ಲ.

ಇಳಿಯುವ ಸ್ಟೇಷನ್ ತಪ್ಪಿಸಿಕೊಳ್ಳಬೇಡಿ. ಹುವಾ ಹಿನ್ ಆದ ಮೇಲೆ ಪ್ರಾನ್ ಬುರಿ ಬರುತ್ತದೆ. ಹೆಸರು ಅರ್ಧ ಕೇಳಿ ಪ್ರಚುವಪ್ ಅಂದುಕೊಂಡು ಅಲ್ಲೇ ಇಳಿದುಬಿಡುತ್ತಾರೆ. ಪ್ರಾನ್ ಬುರಿ, ಸಾಮ್ ರೋಯ್ ಯೋತ್, ಕುಯಿ ಬುರಿ, ಈ ಮೂರು ಹೆಸರು ಕಳೆಯಲಿ. ಕುಯಿ ಬುರಿ ದಾಟಿದ ಮೇಲೆ ಚೀಲ ಕೆಳಗಿಳಿಸಿ. ನಿಮ್ಮ ರೈಲು ಕುಯಿ ಬುರಿಯಲ್ಲಿ ನಿಲ್ಲದಿದ್ದರೂ ಫೋನಿನ ಮ್ಯಾಪಿನಲ್ಲಿ ಕಾಣುತ್ತದೆ. ರೈಲು ನಿಲ್ಲುವುದು ಎರಡು ಮೂರು ನಿಮಿಷ.

## ಹಂತ 8: ಆಓ ಮನಾಓ ತಲುಪುವುದು, ನೀರಿಗಿಳಿಯುವುದು

ಈ ತೀರ ಇರುವುದು ಥಾಯ್ ವಾಯುಪಡೆಯ ನೆಲೆಯೊಳಗೆ. ಅದಕ್ಕೇ ಇಲ್ಲಿ ದೊಡ್ಡ ಹೋಟೆಲು, ಬಾರುಗಳ ಸಾಲು ಬೆಳೆದಿಲ್ಲ. ಗೇಟಿನಲ್ಲಿ ಸೈನಿಕ ಕೈ ಅಡ್ಡ ಹಿಡಿದು ನಿಲ್ಲಿಸುತ್ತಾನೆ, ಹೆಸರು ಬರೆಸುತ್ತಾನೆ, ನಗುತ್ತಾ ದಾರಿ ತೋರಿಸುತ್ತಾನೆ. ಸ್ವಲ್ಪ ಮುಂದೆ ರಸ್ತೆ ರನ್‌ವೇಯನ್ನೇ ಅಡ್ಡ ಹಾಯುತ್ತದೆ. ಅಲ್ಲಿ ದೀಪ, ಗೇಟು ನೋಡಿ ದಾಟಿ. ನಿಂತು ಸೆಲ್ಫಿ ತೆಗೆಯಬೇಡಿ, ವಿಮಾನಗಳ ಕಡೆ ಕ್ಯಾಮೆರಾ ತಿರುಗಿಸಬೇಡಿ. ಪಾಸ್‌ಪೋರ್ಟ್ ಜೊತೆಗಿರಲಿ, ಬರುವಾಗ ಹೋಗುವಾಗ ಮೈ ತುಂಬ ಬಟ್ಟೆ ಇರಲಿ.

ಊರಿನಿಂದ ಸೈಕಲ್ ಸಾಕು, ದಾರಿ ಸಪಾಟಾಗಿದೆ. ಇಲ್ಲವಾದರೆ ಪಕ್ಕಕ್ಕೆ ತೊಟ್ಟಿ ಕಟ್ಟಿದ ಮೋಟಾರ್ ಬೈಕು ಸಿಗುತ್ತದೆ. ಆ್ಯಪ್‌ನಲ್ಲಿ ಟ್ಯಾಕ್ಸಿ ಕರೆಯುವ ಲೆಕ್ಕ ಬೇಡ. ಹತ್ತುವ ಮುಂಚೆಯೇ "ಥಾವ್ ರೈ" ಅಂದರೆ ಎಷ್ಟು ಅಂತ ಕೇಳಿ, ವಾಪಸ್ ಕರೆದೊಯ್ಯುವ ಹೊತ್ತನ್ನೂ ಮಾತಾಡಿಕೊಳ್ಳಿ. ಸ್ಕೂಟರ್ ಬಾಡಿಗೆಗೆ ಪಾಸ್‌ಪೋರ್ಟನ್ನೇ ಅಡ ಕೇಳಿದರೆ ಕೊಡಬೇಡಿ. ಜೆರಾಕ್ಸ್ ಮತ್ತು ಸ್ವಲ್ಪ ಹಣ ಇಟ್ಟುಕೊಳ್ಳಲು ಹೇಳಿ, ಒಪ್ಪದಿದ್ದರೆ ಪಕ್ಕದ ಅಂಗಡಿಗೆ ಹೋಗಿ.

ಇಲ್ಲಿ ನೀರು ಆಳವಿಲ್ಲ. ಮಕ್ಕಳಿಗೆ ಒಳ್ಳೆಯದು, ಆದರೆ ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಿಗೆ ತುಂಬಾ ದೂರ ನಡೆಯಬೇಕು. ಹಿಂದಿನ ದಿನವೇ ಉಬ್ಬರ ಇಳಿತದ ಸಮಯ ನೋಡಿಕೊಂಡು ಹೋಗಿ.

ಎಚ್ಚರಿಕೆಗಳು ಇವು. ಕೆಂಪು ಬಾವುಟ ಇದ್ದರೆ ಇಳಿಯಬೇಡಿ. ನೀರು ಕಡಲಿನ ಒಳಗೆ ಎಳೆಯುತ್ತಿದೆ ಅನ್ನಿಸಿದರೆ ದಡದ ಕಡೆ ಜಿದ್ದಿಗೆ ಈಜಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ದಡಕ್ಕೆ ಬನ್ನಿ. ಕೊಲ್ಲಿಯಲ್ಲಿ ಅಪಾಯದ ಜೆಲ್ಲಿ ಮೀನೂ ಇವೆ, ಮಳೆ ಬಂದ ಮೇಲೆ ಮೈ ಮುಚ್ಚುವ ಬಟ್ಟೆ ಹಾಕಿಯೇ ಇಳಿಯಿರಿ. ಕುಟುಕಿದರೆ ಉಜ್ಜಬೇಡಿ, ಮರಳು ಹಾಕಬೇಡಿ, ಸಿಹಿನೀರು ಸುರಿಯಬೇಡಿ. ವಿನೆಗರ್ ಸುರಿಯಿರಿ. ಒಂದು ಸಣ್ಣ ಬಾಟಲಿ ಅಂಗಡಿಯಲ್ಲಿ ಕೊಂಡು ಚೀಲದಲ್ಲಿ ಇಟ್ಟಿರಿ, ನಾನು ಹಾಗೇ ಮಾಡುತ್ತೇನೆ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ 1669ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಕರೆಸಿ. ಪ್ರವಾಸಿ ಪೊಲೀಸರ ಸಂಖ್ಯೆ 1155.

ಕೋತಿಗಳ ಬಗ್ಗೆ ಒಂದು ಮಾತು. ತೀರದ ಪಕ್ಕದ ಬೆಟ್ಟದಲ್ಲಿ ಕಣ್ಣಿನ ಸುತ್ತ ಬಿಳಿ ಬಳೆ ಇರುವ ಮುಸುವಗಳಿವೆ, ಸಾಧು. ಊರಿನ ನಡುವೆ ಇರುವ ಖಾವ್ ಚೋಂಗ್ ಕ್ರಚೋಕ್ ಬೆಟ್ಟದ 396 ಮೆಟ್ಟಿಲ ಮೇಲಿನ ಕೋತಿಗಳು ಹಾಗಲ್ಲ. ಪ್ಲಾಸ್ಟಿಕ್ ಕವರ್ ಕಂಡರೆ ಕಿತ್ತುಕೊಳ್ಳುತ್ತವೆ. ಬರಿಗೈಯಲ್ಲಿ ಹತ್ತಿ. ಪರಚಿದರೂ, ಕಚ್ಚಿದರೂ ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದು ಹಾಕಿಸಿಕೊಳ್ಳಿ. ಊರಿಗೆ ಬಂದ ಮೇಲೆ ನೋಡೋಣ ಅನ್ನಬೇಡಿ.

## ಹಂತ 9: ಸಸ್ಯಾಹಾರಿಗಳ ಊಟ

ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. "ವೆಜ್" ಅಂದರೆ ಅಲ್ಲಿ ಅರ್ಥವಾಗುವುದಿಲ್ಲ. "ಮಾಂಸ ಬೇಡ" ಅಂದರೆ ಕೋಳಿ ಬಿಟ್ಟು ಮೀನಿನ ಸಾಸ್ ಹಾಕುತ್ತಾರೆ. ಅವರ ಲೆಕ್ಕದಲ್ಲಿ ಅದು ಉಪ್ಪಿನ ಹಾಗೆ.

ಕಲಿಯಬೇಕಾದ ಪದ "ಜೇ". ಮಾಂಸ, ಮೀನು, ಮೊಟ್ಟೆ, ಹಾಲು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲದ ಊಟ ಅಂತ ಅರ್ಥ. ಹಳದಿ ಬಾವುಟ, ಹಳದಿ ಬೋರ್ಡಿನ ಮೇಲೆ ಕೆಂಪಕ್ಷರ ಇದ್ದರೆ ಅದು ಜೇ ಅಂಗಡಿ. ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನದ ಹೊತ್ತಿಗೆ ಖಾಲಿಯಾಗಿರುತ್ತದೆ. ಬೇರೆ ಅಂಗಡಿಯಲ್ಲಿ ಮೂರು ವಾಕ್ಯ ಸಾಕು: "ಕಿನ್ ಜೇ", ನಾನು ಜೇ ತಿನ್ನುವವನು. "ಮಾಯ್ ಸಾಯ್ ನಾಮ್ ಪ್ಲಾ", ಮೀನಿನ ಸಾಸ್ ಹಾಕಬೇಡಿ. "ಮಾಯ್ ಸಾಯ್ ಕಪಿ", ಸಿಗಡಿ ಚಟ್ನಿ ಹಾಕಬೇಡಿ. ಗಂಡಸರು ಕೊನೆಗೆ "ಖ್ರಾಪ್", ಹೆಂಗಸರು "ಖಾ" ಸೇರಿಸಿದರೆ ಮರ್ಯಾದೆ. ಇದನ್ನೇ ಥಾಯ್ ಅಕ್ಷರದಲ್ಲಿ ರೂಮಿನವರಿಂದ ಬರೆಸಿಕೊಂಡು ಫೋಟೋ ಇಟ್ಟುಕೊಳ್ಳಿ.

ಬಾಯಲ್ಲಿ ಹೇಳಿದರಷ್ಟೇ ಸಾಲದು, ಬಾಣಲೆ ಹತ್ತಿರವೇ ನಿಲ್ಲಿ. ರಾತ್ರಿ ಮಾರುಕಟ್ಟೆಯಲ್ಲಿ ಒಬ್ಬರು ವಯಸ್ಸಾದ ಹೆಂಗಸು ನನ್ನ ಮಾತಿಗೆಲ್ಲ ತಲೆಯಾಡಿಸಿದರು. ಬೆಂಡೆ, ಎಲೆಕೋಸು, ತೋಫು ಬಾಣಲೆಗೆ ಬಿತ್ತು. ಆಮೇಲೆ ಕೈ ತಾನಾಗಿ ಕಂದು ಬಾಟಲಿಯ ಕಡೆ ಹೋಯಿತು. "ಪಾ, ನಾಮ್ ಪ್ಲಾ!" ಅಂದೆ. ಪಾ ಅಂದರೆ ದೊಡ್ಡಮ್ಮ. ಅವರು ನಾಲಿಗೆ ಕಚ್ಚಿಕೊಂಡು ಬಾಟಲಿ ಕೆಳಗಿಟ್ಟರು, ಸೋಯಾ ಸಾಸ್ ತೋರಿಸಿ ಇದು ಆಗುತ್ತಾ ಅಂತ ಕಣ್ಣಲ್ಲೇ ಕೇಳಿದರು. ಮಾರನೇ ದಿನ ನನ್ನನ್ನು ಕಂಡ ಕೂಡಲೇ ಬಾಣಲೆ ತೊಳೆದರು. ದಿನಕ್ಕೊಂದು ಅಂಗಡಿ ಹುಡುಕಬೇಡಿ, ನಿಮ್ಮನ್ನು ಅರ್ಥಮಾಡಿಕೊಂಡ ಒಂದೇ ಅಂಗಡಿಗೆ ಮತ್ತೆ ಮತ್ತೆ ಹೋಗಿ.

ಊಟ ಮುಗಿಸಿ ಕಡಲದಂಡೆಗೆ ಬನ್ನಿ. ಕತ್ತಲಲ್ಲಿ ದೂರದ ನೀರಿನ ಅಂಚಿಗೆ ಹಸಿರು ದೀಪಗಳ ಸಾಲು ಕಾಣುತ್ತದೆ. ಬೊಂಡಾಸ್, ಅಂದರೆ ಸ್ಕ್ವಿಡ್, ಹಿಡಿಯುವ ದೋಣಿಗಳು ಅವು.

## ಹಂತ 10: ವಾಪಸ್ ಬರುವ ದಿನ

ಅದೇ ದಿನ ರಾತ್ರಿಯ ವಿಮಾನಕ್ಕೆ ಜೋಡಿಸಬೇಡಿ. ಹಗಲಿನ ರೈಲು ಬ್ಯಾಂಕಾಕ್ ಸೇರುವಾಗ ಸಂಜೆಯೋ ರಾತ್ರಿಯೋ ಆಗಿರುತ್ತದೆ, ಒಂದೆರಡು ಗಂಟೆ ತಡವಾಗುವುದೂ ಮಾಮೂಲು. ಬ್ಯಾಂಕಾಕಿನ ರೂಮನ್ನು ಏರ್‌ಪೋರ್ಟಿಗೆ ಹೋಗುವ ರೈಲಿನ ದಾರಿಯಲ್ಲೇ ಹಿಡಿಯಿರಿ: ಡಾನ್ ಮುಯಾಂಗ್ ಆದರೆ ಬಾಂಗ್ ಸೂ ಹತ್ತಿರ, ಸುವರ್ಣಭೂಮಿ ಆದರೆ ಮಕ್ಕಸನ್ ಅಥವಾ ಫಯಾ ಥಾಯ್ ಹತ್ತಿರ.

ರೂಮು ಬಿಡುವ ಮುಂಚೆ ಒದ್ದೆ ಬಟ್ಟೆ ಬೇರೆ ಕವರಿಗೆ ಹಾಕಿ, ಪವರ್ ಬ್ಯಾಂಕ್ ಕೈಚೀಲಕ್ಕೆ ಹಾಕಿ. ಪಾಸ್‌ಪೋರ್ಟ್ ಎಲ್ಲಿದೆ ಅಂತ ಮುಟ್ಟಿ ನೋಡಿ. ಸ್ಟೇಷನ್ನಿಗೆ ಅರ್ಧ ಗಂಟೆ ಮುಂಚೆ ಹೋಗಿ ಟಿಕೆಟ್ ಕಿಟಕಿಯಲ್ಲಿ ರೈಲು ಎಷ್ಟು ತಡ ಅಂತ ಕೇಳಿ, ಗಡಿಯಾರ ತೋರಿಸಿ ಹೇಳುತ್ತಾರೆ. ಒಂದು ಗಂಟೆ ತಡ ಅಂದರೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂರಬೇಡಿ. ಬೇಗ ಬೇಗ ನಡೆದರೆ ಇನ್ನೊಮ್ಮೆ ಕಡಲು ನೋಡಿ ಬರುವಷ್ಟು ಹೊತ್ತು ಇರುತ್ತದೆ.